ಮಂಡಿ ಆಪರೇಷನ್‌ಗೆ ಮೂರು ಆಸ್ಪತ್ರೆ, ಮೂರು ರೇಟು: ಯಾವುದನ್ನು ನೋಡಿ ತೀರ್ಮಾನ ಮಾಡೋದು?

ಪ್ರಶ್ನೆ: ನಮ್ಮದು ಶ್ರೀನಿವಾಸಪುರ ತಾಲೂಕು. ಅಮ್ಮನಿಗೆ 63 ವರ್ಷ, ಶುಗರ್ ಇದೆ. ಎರಡೂ ಮಂಡಿ ಸವೆದಿವೆ, ಬಲಗಾಲಿನದು ತುಂಬಾ ಜಾಸ್ತಿ. ಆಪರೇಷನ್ ಮಾಡಿಸಿ ಅಂತ ಡಾಕ್ಟರ್ ಹೇಳಿದ್ದಾರೆ. ಕೋಲಾರದ ಒಂದು ಆಸ್ಪತ್ರೆಯಲ್ಲಿ ಒಂದು ಮಂಡಿಗೆ ಎಲ್ಲಾ ಸೇರಿ 1 ಲಕ್ಷ 80 ಸಾವಿರ ಅಂದರು. ವೈಟ್‌ಫೀಲ್ಡ್ ಕಡೆಯ ದೊಡ್ಡ ಆಸ್ಪತ್ರೆಯಲ್ಲಿ 2 ಲಕ್ಷ 85 ಸಾವಿರ, ಇಂಪ್ಲಾಂಟ್ (ಮಂಡಿಯೊಳಗೆ ಹಾಕುವ ಕೃತಕ ಕೀಲು) ಫಾರಿನ್‌ದು ಅದಕ್ಕೇ ಜಾಸ್ತಿ ಅಂದರು. ನಮ್ಮೂರಿಗೆ ಉಚಿತ ಶಿಬಿರ ಮಾಡಲು ಬಂದಿದ್ದ ಬೆಂಗಳೂರಿನ ಇನ್ನೊಂದು ಆಸ್ಪತ್ರೆಯ ಪಾಂಪ್ಲೆಟ್‌ನಲ್ಲಿ 1 ಲಕ್ಷ 35 ಸಾವಿರದ ಪ್ಯಾಕೇಜ್ ಇದೆ. ಅವರಿಗೆ 5 ಸಾವಿರ ಅಡ್ವಾನ್ಸ್ ಕೊಟ್ಟುಬಿಟ್ಟಿದ್ದೇವೆ. ಮನೆಯಲ್ಲಿ ಮೂರು ಹಸು ಇವೆ, ಅಮ್ಮನೇ ಹಾಲು ಕರೆಯೋದು, ಡೈರಿ ಸದಸ್ಯೆ ಕೂಡ. ಅಪ್ಪ ಅಮ್ಮನ ಹತ್ತಿರ ಬಿಪಿಎಲ್ ಕಾರ್ಡ್ ಇದೆ. ಎಲ್ಲಿ ಮಾಡಿಸಿದರೆ ಕಡಿಮೆ ಆಗುತ್ತೆ? ಎರಡೂ ಮಂಡಿ ಒಟ್ಟಿಗೆ ಮಾಡಿಸಬಹುದಾ? ನಾನು ನರಸಾಪುರದ ಫ್ಯಾಕ್ಟರಿಯಲ್ಲಿ ಇದ್ದೇನೆ, ಸಂಬಳ 19 ಸಾವಿರ, ಇಎಸ್‌ಐ ಕಟ್ ಆಗುತ್ತೆ.

ಉತ್ತರ: ನಿಮ್ಮ ಪತ್ರದ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಇಎಸ್‌ಐ, ಅಂದರೆ ಕಾರ್ಮಿಕರ ವಿಮೆ, ಕಟ್ ಆಗುತ್ತೆ ಅಂತ ಹೋಗೋ ಹೊತ್ತಿಗೆ ಹೇಳಿದ್ದೀರಿ. ಮೂರು ಆಸ್ಪತ್ರೆಯ ರೇಟು ಹಿಡಿದುಕೊಂಡು ಓಡಾಡುವ ಮೊದಲು ನೋಡಬೇಕಾದದ್ದೇ ಅದು. ಆಸ್ಪತ್ರೆ ಬಿಲ್ಲಿಂಗ್ ವಿಭಾಗದಲ್ಲಿ ಬಹಳ ವರ್ಷ ಕೂತು ಕೆಲಸ ಮಾಡಿದವನು ನಾನು. ಕೌಂಟರ್ ಈಚೆ ನಿಂತು ಸಾಲ ಮಾಡಿ ದುಡ್ಡು ಕಟ್ಟುತ್ತಿದ್ದ ಎಷ್ಟೋ ಜನರ ಜೇಬಲ್ಲಿ ಇಎಸ್‌ಐ ಕಾರ್ಡ್ ಇರುತ್ತಿತ್ತು. ಅದು ಬರೀ ಜ್ವರ, ಕೆಮ್ಮಿಗೆ ಮಾತ್ರೆ ಕೊಡೋ ಡಿಸ್ಪೆನ್ಸರಿ ಅಂತ ಅವರು ತಿಳಿದಿದ್ದರು.

ತಿಂಗಳ ಸಂಬಳ 21 ಸಾವಿರದವರೆಗೆ ಇರುವ ಕಾರ್ಮಿಕರು ಇಎಸ್‌ಐ ವ್ಯಾಪ್ತಿಗೆ ಬರುತ್ತಾರೆ. ನಿಮ್ಮ ಸಂಬಳದಿಂದ ಶೇಕಡಾ 0.75 ಹೋಗುತ್ತೆ, ಕಂಪನಿ ಶೇಕಡಾ 3.25 ಕಟ್ಟುತ್ತೆ. ಇದರಲ್ಲಿ ನಿಮ್ಮನ್ನು ನಂಬಿಕೊಂಡಿರುವ ಅಪ್ಪ ಅಮ್ಮನೂ ಸೇರುತ್ತಾರೆ. ಆದರೆ ಅವರ ಎಲ್ಲಾ ಮೂಲದ ಆದಾಯ ತಿಂಗಳಿಗೆ 9 ಸಾವಿರ ದಾಟಬಾರದು. ಮೂರು ಹಸುವಿನ ಹಾಲಿನ ಬಟವಾಡೆ ಯಾರ ಹೆಸರಿಗೆ ಬರುತ್ತೆ, ಫೀಡು, ಬೂಸಾ ಕಳೆದು ಕೈಗೆ ಎಷ್ಟು ಉಳಿಯುತ್ತೆ ಅಂತ ಮನೆಯಲ್ಲಿ ಕೂತು ಲೆಕ್ಕ ಹಾಕಿ. ಆಮೇಲೆ ನಿಮ್ಮ ಇಎಸ್‌ಐ ದಾಖಲೆಯಲ್ಲಿ ಅಮ್ಮನ ಹೆಸರು, ಆಧಾರ್ ಸೇರಿದೆಯಾ ನೋಡಿ. ಕೆಲಸಕ್ಕೆ ಸೇರಿದ ದಿನ ಎಚ್‌ಆರ್‌ನವರು ಅವಸರದಲ್ಲಿ ಫಾರಂ ತುಂಬಿಸಿರುತ್ತಾರೆ, ಎಷ್ಟೋ ಹುಡುಗರ ದಾಖಲೆಯಲ್ಲಿ ಮನೆಯವರ ಹೆಸರೇ ಇರಲ್ಲ. ಇಲ್ಲದಿದ್ದರೆ ಈ ವಾರವೇ ಸೇರಿಸಿಸಿ. ದೊಡ್ಡ ಆಪರೇಷನ್‌ಗಳಿಗೆ ಇಷ್ಟು ದಿನದ ಕಂತು ಕಟ್ಟಿರಬೇಕು ಅಂತ ನಿಯಮ ಇದೆ, ನಿಮಗೆ ಅದು ಪೂರ್ತಿ ಆಗಿದೆಯಾ ಅಂತಲೂ ಅವರನ್ನೇ ಕೇಳಿ.

ಹಾದಿ ಹೀಗೆ. ನಿಮ್ಮ ಕಾರ್ಡಿನಲ್ಲಿ ಬರೆದಿರುವ ಡಿಸ್ಪೆನ್ಸರಿಗೆ ಅಮ್ಮನನ್ನು ಕರೆದುಕೊಂಡು ಹೋಗಬೇಕು. ಅಲ್ಲಿಂದ ಇಎಸ್‌ಐ ಆಸ್ಪತ್ರೆಗೆ ರೆಫರ್ ಮಾಡುತ್ತಾರೆ. ಬೆಂಗಳೂರಿನ ರಾಜಾಜಿನಗರದಲ್ಲಿ ಇಎಸ್‌ಐ ನಿಗಮದ ಮೆಡಿಕಲ್ ಕಾಲೇಜು ಆಸ್ಪತ್ರೆಯೇ ಇದೆ. ತಮ್ಮಲ್ಲಿ ಆಗದ ಚಿಕಿತ್ಸೆಗೆ ಒಪ್ಪಂದ ಇರುವ ಖಾಸಗಿ ಆಸ್ಪತ್ರೆಗೆ ಅವರೇ ಬರೆದುಕೊಡುತ್ತಾರೆ. ಈ ರೆಫರಲ್ ಇಲ್ಲದೆ ನೀವೇ ನೇರವಾಗಿ ಖಾಸಗಿಗೆ ಹೋಗಿ ಆಪರೇಷನ್ ಮಾಡಿಸಿ, ಆಮೇಲೆ ಬಿಲ್ ಹಿಡಿದುಕೊಂಡು ಇಎಸ್‌ಐಗೆ ಹೋದರೆ ದುಡ್ಡು ಸಿಗೋದು ಬಹಳ ಕಷ್ಟ. ಇನ್ನೊಂದು ವಿಷಯ: ಇನ್‌ಕ್ರಿಮೆಂಟ್ ಆಗಿ ಸಂಬಳ 21 ಸಾವಿರ ದಾಟಿದರೆ ಅವತ್ತೇ ಇಎಸ್‌ಐ ನಿಲ್ಲಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಅಂತ ಎರಡು ಅವಧಿ ಇರುತ್ತೆ, ಆ ಅವಧಿ ಮುಗಿಯೋವರೆಗೂ ಕಂತು ಕಟ್ ಆಗುತ್ತಲೇ ಇರುತ್ತೆ. ಹಾಗಾಗಿ ಸಂಬಳ ಯಾವಾಗ ಏರುತ್ತೆ ಅನ್ನೋದನ್ನೂ ನೋಡಿಕೊಂಡು ಆಪರೇಷನ್ ದಿನ ಗೊತ್ತು ಮಾಡಿ.

ಎರಡನೆಯದು ಬಿಪಿಎಲ್ ಕಾರ್ಡ್. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಸರ್ಕಾರ ಗೊತ್ತು ಮಾಡಿದ ಪ್ಯಾಕೇಜ್ ದರದ ಶೇಕಡಾ 30 ಮಾತ್ರ, ವರ್ಷಕ್ಕೆ ಕುಟುಂಬಕ್ಕೆ ಒಂದೂವರೆ ಲಕ್ಷದ ಮಿತಿ. ಜನ ತಪ್ಪು ತಿಳಿಯೋದು ಎಲ್ಲಿ ಅಂದರೆ, ಕಾರ್ಡ್ ತೋರಿಸಿದರೆ ಯಾವ ಖಾಸಗಿ ಆಸ್ಪತ್ರೆಯಲ್ಲಾದರೂ ಮಾಡುತ್ತಾರೆ ಅಂದುಕೊಳ್ಳುತ್ತಾರೆ. ಈ ಯೋಜನೆಯಲ್ಲಿ ಚಿಕಿತ್ಸೆಗಳನ್ನು ಗುಂಪು ಮಾಡಿದ್ದಾರೆ. ಕೆಲವನ್ನು ಸರ್ಕಾರಿ ಆಸ್ಪತ್ರೆಯಲ್ಲೇ ಮಾಡಿಸಬೇಕು. ಕೆಲವಕ್ಕೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಸೌಲಭ್ಯ ಇಲ್ಲ ಅಂತಾದರೆ ಅವರು ಬರೆದುಕೊಟ್ಟ ಮೇಲೆ ಯೋಜನೆಗೆ ಸೇರಿರುವ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಎಮರ್ಜೆನ್ಸಿ ಪಟ್ಟಿಯಲ್ಲಿರುವುದಕ್ಕೆ ಮಾತ್ರ ರೆಫರಲ್ ಬೇಡ. ಮಂಡಿ ಆಪರೇಷನ್ ಎಮರ್ಜೆನ್ಸಿ ಅಲ್ಲ. ಹಾಗಾಗಿ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಗೆ ಹೋಗಿ, ಅಲ್ಲಿ ಆರೋಗ್ಯ ಮಿತ್ರ ಅಂತ ಒಬ್ಬರು ಕೂತಿರುತ್ತಾರೆ, ಅವರನ್ನು ಎರಡು ಪ್ರಶ್ನೆ ಕೇಳಿ: ಈ ಆಪರೇಷನ್ ಯಾವ ಗುಂಪಿನಲ್ಲಿದೆ, ಈಗ ಯಾವ ಆಸ್ಪತ್ರೆಯಲ್ಲಿ ಮಾಡುತ್ತಿದ್ದಾರೆ. ಆಧಾರ್, ರೇಷನ್ ಕಾರ್ಡ್ ಎರಡೂ ಕೈಯಲ್ಲಿರಲಿ. ಫೋನಿನಲ್ಲೇ ಕೇಳಬೇಕು ಅಂದರೆ 14555 ಇದೆ.

ಸರ್ಕಾರದ ಕಡೆಯಿಂದ ಬೆಂಗಳೂರಿನ ಜಯನಗರದಲ್ಲಿ ಸಂಜಯ್ ಗಾಂಧಿ ಆಸ್ಪತ್ರೆ ಮೂಳೆ, ಕೀಲಿಗೆಂದೇ ಇರುವುದು. ಕ್ಯೂ ಇರುತ್ತೆ, ಒಂದೇ ದಿನಕ್ಕೆ ಎಲ್ಲಾ ಆಗಲ್ಲ. ಆದರೆ ಅಮ್ಮನಿಗೆ ಇದು ವರ್ಷಗಳಿಂದ ಸವೆದು ಬಂದಿರುವ ಮಂಡಿ, ಇನ್ನೆರಡು ತಿಂಗಳು ಕಾಯುವುದರಿಂದ ಪ್ರಾಣಕ್ಕೇನೂ ಅಪಾಯ ಇಲ್ಲ. ಆ ಸಮಯದಲ್ಲಿ ಶುಗರ್ ಹತೋಟಿಗೆ ತಂದರೆ, ತೊಡೆಯ ಸ್ನಾಯು ಗಟ್ಟಿಯಾಗುವ ವ್ಯಾಯಾಮ ಮಾಡಿಸಿದರೆ ಆಪರೇಷನ್ ಆದ ಮೇಲೆ ಬೇಗ ಎದ್ದು ಓಡಾಡುತ್ತಾರೆ. ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿಯೇ ಮುಂದೆ ಹೋಗಿ. ಶುಗರ್ ಜಾಸ್ತಿ ಇದ್ದಾಗ ಕೊಯ್ದ ಗಾಯಕ್ಕೆ ಸೋಂಕು ತಗಲುವ ಸಾಧ್ಯತೆ ಹೆಚ್ಚು. ಮಂಡಿಯೊಳಗೆ ಸೋಂಕಾದರೆ ಹಾಕಿದ ಇಂಪ್ಲಾಂಟನ್ನೇ ತೆಗೆಯಬೇಕಾಗಿ ಬರಬಹುದು, ಆಗಿನ ಖರ್ಚು ಮೊದಲ ಆಪರೇಷನ್‌ಗಿಂತ ಎಷ್ಟೋ ಪಟ್ಟು.

ಡೈರಿ ಸದಸ್ಯತ್ವದ ಮಾತು. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಯೋಜನೆ ಇದೆ. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕದೊಳಗೆ ಸೇರಿಸಿದ್ದರು, 2022ರ ಕೊನೆಯಲ್ಲಿ ಮತ್ತೆ ನೋಂದಣಿ ಶುರುವಾಯಿತು. ಮತ್ತೆ ಶುರುವಾದಾಗ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ಕಂತು, 5 ಲಕ್ಷದವರೆಗೆ ಚಿಕಿತ್ಸೆ ಅಂತ ಇಟ್ಟರು. ನೋಂದಣಿಗೆ ವರ್ಷದಲ್ಲಿ ಒಂದಷ್ಟು ತಿಂಗಳು ಮಾತ್ರ ಅವಕಾಶ ಕೊಡುತ್ತಾರೆ, ಈ ಸಲ ಅಮ್ಮನ ಹೆಸರು ಸೇರಿಸಿದ್ದಾರಾ ಅಂತ ಡೈರಿ ಸೆಕ್ರೆಟರಿ ಹತ್ತಿರ ಕೇಳಿ. ಸೇರಿಸಿದ್ದರೆ ಚಿಕಿತ್ಸೆಗಳ ಪಟ್ಟಿ ತರಿಸಿ, ಮಂಡಿ ಬದಲಾವಣೆ ಅದರಲ್ಲಿದೆಯಾ, ಇಂಪ್ಲಾಂಟ್ ದುಡ್ಡೂ ಸೇರಿದೆಯಾ ಅಂತ ಕಣ್ಣಾರೆ ನೋಡಿ. ಬಾಯಿ ಮಾತಿಗೆ ಹೋಗಬೇಡಿ.

ಈ ಮೂರೂ ಕೈ ಹಿಡಿಯಲಿಲ್ಲ, ದುಡ್ಡು ಕೊಟ್ಟೇ ಮಾಡಿಸಬೇಕು ಅಂದಾಗ ಮಾತ್ರ ನಿಮ್ಮ ಮೂರು ರೇಟಿನ ಲೆಕ್ಕಕ್ಕೆ ಬರೋಣ.

ನೀವು ಬರೆದಿರುವ ಮೂರು ಅಂಕಿ ಮೂರು ಬೇರೆ ಬೇರೆ ವಸ್ತುವಿನ ಬೆಲೆ. ಅದಕ್ಕೇ ಪಕ್ಕಪಕ್ಕ ಇಟ್ಟು ನೋಡಲು ಆಗುತ್ತಿಲ್ಲ. ಪ್ಯಾಕೇಜ್ ಎಷ್ಟು ಅಂತ ಕೇಳಬೇಡಿ. ಪ್ಯಾಕೇಜಿನಿಂದ ಹೊರಗೆ ಏನೇನಿದೆ ಅಂತ ಕೇಳಿ. ಒಳಗೆ ಏನಿದೆ ಅಂತ ಕೇಳಿದರೆ ಉದ್ದ ಪಟ್ಟಿ ಹೇಳುತ್ತಾರೆ, ಡಾಕ್ಟರ್ ಫೀಸು, ಓಟಿ ಅಂದರೆ ಆಪರೇಷನ್ ಥಿಯೇಟರ್, ಬೆಡ್, ನರ್ಸಿಂಗ್, ಊಟ, ಕೇಳೋಕೆ ಚೆನ್ನಾಗಿರುತ್ತೆ. ಹೊರಗೆ ಏನಿದೆ ಅಂದ ಕೂಡಲೇ ಕೌಂಟರ್‌ನಲ್ಲಿರುವವರು ಒಂದು ಕ್ಷಣ ತಡೆದು ಒಳಗೆ ಕೇಳಿಕೊಂಡು ಬರುತ್ತಾರೆ. ನಿಮಗೆ ಬೇಕಾಗಿರುವುದು ಅದೇ ಉತ್ತರ, ಮತ್ತು ಅದು ಆಸ್ಪತ್ರೆಯ ಲೆಟರ್‌ಹೆಡ್ ಮೇಲೆ ಸೀಲ್ ಹಾಕಿ ಬರಬೇಕು.

ಪಾಂಪ್ಲೆಟ್‌ನ 1 ಲಕ್ಷ 35 ಸಾವಿರ ತಗೊಳ್ಳಿ. ಇಂಥ ಪಾಂಪ್ಲೆಟ್‌ಗಳಲ್ಲಿ ಕೆಳಗೆ ಸಣ್ಣ ಅಕ್ಷರದಲ್ಲಿ ‘ಇಂಪ್ಲಾಂಟ್ ಹೊರತುಪಡಿಸಿ’ ಅಂತ ಇರುತ್ತೆ, ಅಥವಾ ಅದೂ ಇರಲ್ಲ. ನಿಮ್ಮದರಲ್ಲೂ ಹುಡುಕಿ. ಇದ್ದರೆ ಇಂಪ್ಲಾಂಟ್‌ಗೆ ಒಂದು 60 ಸಾವಿರ ಅಂತ ಲೆಕ್ಕಕ್ಕೆ ಹಾಕಿಕೊಳ್ಳಿ. ಆಪರೇಷನ್‌ಗೆ ಮುಂಚಿನ ರಕ್ತ ಪರೀಕ್ಷೆ, ಇಸಿಜಿ, ಎಕೋ (ಹಾರ್ಟ್ ಸ್ಕ್ಯಾನ್), ಎಕ್ಸ್‌ರೇಗೆ ಒಂದು 8 ಸಾವಿರ. ಔಷಧಿ, ರಕ್ತ ಹೆಪ್ಪುಗಟ್ಟದಿರಲು ಕೊಡುವ ಇಂಜೆಕ್ಷನ್, ಗ್ಲೌಸು, ಡ್ರೆಸ್ಸಿಂಗ್ ಎಲ್ಲಾ ಸೇರಿ 15 ಸಾವಿರ ಇಟ್ಟುಕೊಳ್ಳಿ. ಅಲ್ಲಿಗೆ 2 ಲಕ್ಷ 18 ಸಾವಿರ ಆಯಿತು. ಇದು ನಾನು ಅಂದಾಜಿಗೆ ಹಾಕಿದ ಲೆಕ್ಕ, ನಿಮ್ಮ ಬಿಲ್ ಬೇರೆ ಇರಬಹುದು. ಆದರೆ ಕೋಲಾರದವರು ಎಲ್ಲಾ ಸೇರಿ ಅಂತ ಹೇಳಿದ 1 ಲಕ್ಷ 80 ಸಾವಿರದೊಳಗೆ ಇವೆಲ್ಲಾ ನಿಜವಾಗಿ ಇದ್ದರೆ, ನೀವು ಅಡ್ವಾನ್ಸ್ ಕೊಟ್ಟಿರುವ ‘ಕಡಿಮೆ’ ಆಸ್ಪತ್ರೆಯೇ ಜಾಸ್ತಿ ಆಗುತ್ತೆ.

ಈಗ ಫಾರಿನ್ ಇಂಪ್ಲಾಂಟ್ ಮಾತು. ಇದನ್ನು ಪ್ರತಿಯೊಬ್ಬರೂ ತಿಳಿದುಕೊಂಡಿರಬೇಕು. 2017ರ ಆಗಸ್ಟ್‌ನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ, ಅಂದರೆ ಎನ್‌ಪಿಪಿಎ, ಮಂಡಿ ಇಂಪ್ಲಾಂಟ್‌ಗೆ ಗರಿಷ್ಠ ಬೆಲೆ ನಿಗದಿ ಮಾಡಿತು. ಅದಕ್ಕೆ ಮುಂಚೆ ಒಂದೂವರೆ ಲಕ್ಷದ ಆಸುಪಾಸಿನಲ್ಲಿ ಮಾರುತ್ತಿದ್ದ, ಹೆಚ್ಚು ಬಳಕೆಯಲ್ಲಿರುವ ಕೋಬಾಲ್ಟ್ ಕ್ರೋಮಿಯಂ ಇಂಪ್ಲಾಂಟ್‌ಗೆ 54,720 ರೂಪಾಯಿ, ಅದರ ಮೇಲೆ ಜಿಎಸ್‌ಟಿ ಅಂತ ಮಾಡಿದರು. ಟೈಟಾನಿಯಂ, ಆಕ್ಸಿಡೈಸ್ಡ್ ಜಿರ್ಕೋನಿಯಂನ ವಿಶೇಷ ಬಗೆಗೆ 76,600. ಆಮೇಲೆ ಈ ದರ ಪರಿಷ್ಕರಣೆ ಆಗುತ್ತಾ ಬಂದಿದೆ. ಇದರಲ್ಲಿ ಸ್ವದೇಶಿ, ವಿದೇಶಿ ಅಂತ ಬೇರೆ ಬೇರೆ ಮಿತಿ ಇಲ್ಲ. ಅಮೆರಿಕದಿಂದ ಬಂದರೂ ಅಷ್ಟೇ, ಇಲ್ಲೇ ತಯಾರಾದರೂ ಅಷ್ಟೇ, ಕೋಲಾರದಲ್ಲಿ ಹಾಕಿದರೂ ವೈಟ್‌ಫೀಲ್ಡ್‌ನಲ್ಲಿ ಹಾಕಿದರೂ ಅಷ್ಟೇ. ಹಾಗಾದರೆ ಕೋಲಾರಕ್ಕೂ ವೈಟ್‌ಫೀಲ್ಡ್‌ಗೂ ಇರುವ 1 ಲಕ್ಷ 5 ಸಾವಿರದ ಅಂತರ ಇಂಪ್ಲಾಂಟ್‌ನಿಂದ ಬಂತು ಅನ್ನೋ ಮಾತು ನಿಲ್ಲಲ್ಲ ಅಲ್ವಾ? ಸಾಮಾನ್ಯ ಬಗೆ ಬಿಟ್ಟು ವಿಶೇಷ ಬಗೆಯದ್ದೇ ಹಾಕಿದರೂ 2017ರ ದರದಲ್ಲಿ ವ್ಯತ್ಯಾಸ 22 ಸಾವಿರದ ಹತ್ತಿರ. ಮಿಕ್ಕಿದ್ದು ರೂಮಿಗೆ, ಸರ್ಜನ್ ಫೀಸಿಗೆ, ಓಟಿಗೆ, ಕಟ್ಟಡಕ್ಕೆ, ಹೆಸರಿಗೆ. ಅದಕ್ಕೆ ಕೊಡುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಯಾವುದಕ್ಕೆ ಕೊಡುತ್ತಿದ್ದೇವೆ ಅಂತ ಗೊತ್ತಿದ್ದು ಕೊಡಬೇಕು.

ಆಪರೇಷನ್ ಆದ ಮೇಲೆ ಬಿಲ್‌ನಲ್ಲಿ ಇಂಪ್ಲಾಂಟ್ ಬೆಲೆಯನ್ನು ಬೇರೆಯಾಗಿ ತೋರಿಸಬೇಕು, ಬ್ರ್ಯಾಂಡ್ ಹೆಸರು, ತಯಾರಕರ ಹೆಸರು, ಬ್ಯಾಚ್ ನಂಬರ್ ಬರೆಯಬೇಕು. ಇಂಪ್ಲಾಂಟ್ ಡಬ್ಬಿ ಮೇಲೆ ಸಣ್ಣ ಸ್ಟಿಕ್ಕರ್‌ಗಳು ಇರುತ್ತವೆ: ತೊಡೆ ಮೂಳೆಯ ಭಾಗಕ್ಕೆ ಒಂದು, ಕೆಳಗಿನ ಮೂಳೆಯ ಭಾಗಕ್ಕೆ ಒಂದು, ನಡುವಿನ ಪ್ಲಾಸ್ಟಿಕ್ ಇನ್ಸರ್ಟ್‌ಗೆ ಒಂದು. ಓಟಿಯಲ್ಲಿ ಅವನ್ನು ಕಿತ್ತು ಕೇಸ್ ಶೀಟ್‌ಗೆ ಅಂಟಿಸುತ್ತಾರೆ. ಒಂದು ಸೆಟ್ ನಿಮ್ಮ ಡಿಸ್ಚಾರ್ಜ್ ಸಮ್ಮರಿಗೂ ಅಂಟಿಸಿಕೊಡಿ ಅಂತ ಮುಂಚೆಯೇ ಹೇಳಿಡಿ. ಹತ್ತು ಹದಿನೈದು ವರ್ಷ ಆದ ಮೇಲೆ ಅದರಲ್ಲೊಂದು ಭಾಗ ಬದಲಾಯಿಸಬೇಕಾಗಿ ಬಂದರೆ, ಯಾವ ಕಂಪನಿಯ ಯಾವ ಸೈಜ್ ಅಂತ ಆವತ್ತಿನ ಡಾಕ್ಟರಿಗೆ ಗೊತ್ತಾಗುವುದು ಆ ಸ್ಟಿಕ್ಕರ್‌ನಿಂದಲೇ.

ರೋಬೋಟ್‌ನಿಂದ ಮಾಡುತ್ತೇವೆ ಅಂತ ಜಾಸ್ತಿ ಕೇಳುವ ಆಸ್ಪತ್ರೆಗಳು ಈಗ ಬೇಕಾದಷ್ಟಿವೆ. ಮೂಳೆ ಕತ್ತರಿಸುವ ಅಳತೆ ಅದರಲ್ಲಿ ನಿಖರವಾಗಿ ಬರುತ್ತೆ, ನಿಜ. ಆದರೆ ಅನುಭವ ಇರುವ ಸರ್ಜನ್ ಕೈಯಲ್ಲಿ ಮಾಡಿದ್ದಕ್ಕಿಂತ ವರ್ಷಗಳ ನಂತರ ಕಾಲು ಬಹಳ ಚೆನ್ನಾಗಿರುತ್ತೆ ಅಂತ ಇನ್ನೂ ಗಟ್ಟಿಯಾಗಿ ಸಾಬೀತಾಗಿಲ್ಲ. ಸಾಲ ಮಾಡಿ ರೋಬೋಟ್‌ಗೆ ಕೊಡುವುದು ಬೇಡ.

ರೂಮಿನ ವಿಷಯ ಜನ ಹಗುರವಾಗಿ ತಗೊಳ್ಳುತ್ತಾರೆ. ಜನರಲ್ ವಾರ್ಡ್ ಬಿಟ್ಟು ಸಿಂಗಲ್ ರೂಮ್ ತಗೊಂಡರೆ ದಿನಕ್ಕೆ ಎರಡು ಸಾವಿರ ಜಾಸ್ತಿ, ನಾಲ್ಕು ದಿನಕ್ಕೆ ಎಂಟು ಸಾವಿರ, ಹೋಗಲಿ ಅಮ್ಮ ಆರಾಮಾಗಿರಲಿ ಅಂದುಕೊಳ್ಳುತ್ತಾರೆ. ಆದರೆ ಎಷ್ಟೋ ಆಸ್ಪತ್ರೆಗಳಲ್ಲಿ ರೂಮಿನ ದರ್ಜೆ ಏರಿದರೆ ಸರ್ಜನ್ ಫೀಸು, ಅನಸ್ತೇಷಿಯಾ ಫೀಸು, ಓಟಿ ಚಾರ್ಜು, ಡಾಕ್ಟರ್ ರೌಂಡ್ಸ್ ಬರುವ ಫೀಸು ಎಲ್ಲಾ ಏರುತ್ತೆ. ಅದೇ ಡಾಕ್ಟರ್, ಅದೇ ಓಟಿ, ಅದೇ ಟೇಬಲ್. ಎಂಟು ಸಾವಿರ ಅಂದುಕೊಂಡದ್ದು ಮೂವತ್ತು, ನಲವತ್ತು ಸಾವಿರಕ್ಕೆ ಹೋಗಿ ನಿಲ್ಲುವುದನ್ನು ನಾನೇ ಬಿಲ್ ಹಾಕುವಾಗ ನೋಡಿದ್ದೇನೆ, ಮನೆಯವರಿಗೆ ಅದು ಗೊತ್ತಾಗುತ್ತಿದ್ದದ್ದು ಡಿಸ್ಚಾರ್ಜ್ ದಿನ. ಅಡ್ಮಿಟ್ ಆಗುವಾಗ ವಾರ್ಡಿನಲ್ಲಿ ಬೆಡ್ ಇಲ್ಲ, ರೂಮ್ ಕೊಡ್ತೀವಿ ಅಂದರೆ ‘ವಾರ್ಡಿನ ರೇಟಿನಲ್ಲೇ ಬಿಲ್ ಮಾಡುತ್ತೀರಾ, ಬರೆದುಕೊಡಿ’ ಅಂತ ಕೇಳಿ. ದಿನಕ್ಕೆ 5 ಸಾವಿರಕ್ಕಿಂತ ಹೆಚ್ಚಿನ ರೂಮಿಗೆ 2022ರ ಜುಲೈನಿಂದ ಶೇಕಡಾ 5 ಜಿಎಸ್‌ಟಿ ಬೇರೆ ಇದೆ, ಐಸಿಯುಗೆ ಅದು ಇಲ್ಲ.

ಇದನ್ನು ಓದುತ್ತಿರುವ ಬೇರೆಯವರಲ್ಲಿ ಖಾಸಗಿ ಇನ್ಷೂರೆನ್ಸ್ ಇದ್ದವರಿಗೂ ರೂಮೇ ಮುಖ್ಯ. ಪಾಲಿಸಿಯಲ್ಲಿ ರೂಮ್ ಬಾಡಿಗೆ ದಿನಕ್ಕೆ 3 ಸಾವಿರ ಅಂತ ಮಿತಿ ಇದ್ದು, ನೀವು 6 ಸಾವಿರದ ರೂಮಿನಲ್ಲಿದ್ದರೆ, ಬರೀ ಆ ಹೆಚ್ಚಿನ 3 ಸಾವಿರ ಮಾತ್ರ ಕೈಯಿಂದ ಹೋಗಲ್ಲ. ಡಾಕ್ಟರ್ ಫೀಸು, ಓಟಿ ಚಾರ್ಜು ಇಂಥವುಗಳಲ್ಲೂ ಅರ್ಧ ಕಡಿತ ಮಾಡಬಹುದು. ಔಷಧಿ, ಇಂಪ್ಲಾಂಟ್, ಪರೀಕ್ಷೆಗಳ ದುಡ್ಡಿನಲ್ಲಿ ಹಾಗೆ ಕಡಿತ ಮಾಡುವಂತಿಲ್ಲ ಅಂತ ಇನ್ಷೂರೆನ್ಸ್ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ ನಿಯಮ ಇದೆ, ಕ್ಲೇಮ್ ಬಂದಾಗ ಅದನ್ನು ಪರೀಕ್ಷಿಸಿ. ಮಂಡಿ ಬದಲಾವಣೆಗೆ ಹೆಚ್ಚಿನ ಪಾಲಿಸಿಗಳಲ್ಲಿ ಎರಡು ಮೂರು ವರ್ಷ ಕಾಯುವ ಅವಧಿ ಇರುತ್ತೆ. ಆಪರೇಷನ್ ಬೇಕು ಅಂತ ಡಾಕ್ಟರ್ ಹೇಳಿದ ಮೇಲೆ ಹೊಸ ಪಾಲಿಸಿ ಮಾಡಿಸಿ ಪ್ರಯೋಜನ ಇಲ್ಲ.

ನಿಮ್ಮ ಲೆಕ್ಕಕ್ಕೆ ವಾಪಸ್ ಬರೋಣ. ಯಾವ ಆಸ್ಪತ್ರೆಯ ಎಸ್ಟಿಮೇಟ್‌ನಲ್ಲೂ ಬರೆಯದ ಖರ್ಚು ಒಂದಿದೆ, ಡಿಸ್ಚಾರ್ಜ್ ಆದ ದಿನದಿಂದ ಅಮ್ಮ ತಾನಾಗಿ ನಡೆದಾಡುವ ದಿನದವರೆಗಿನದು. ಆಸ್ಪತ್ರೆಯಲ್ಲಿ ಇರೋದು ಮೂರರಿಂದ ಐದು ದಿನ. ಹೊಲಿಗೆ ಬಿಚ್ಚಲು ಎರಡು ವಾರದ ಹೊತ್ತಿಗೆ ಹೋಗಬೇಕು. ಆಮೇಲೆ ಒಂದೂವರೆ ತಿಂಗಳಾದಾಗ ಒಂದು ಸಲ, ಮೂರು ತಿಂಗಳಾದಾಗ ಒಂದು ಸಲ ತೋರಿಸಬೇಕು. ಕಾಲಿಗೆ ಹೊಲಿಗೆ ಹಾಕಿಸಿಕೊಂಡವರನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಲು ಆಗಲ್ಲ, ಕಾರು ಮಾಡಲೇಬೇಕು. ಶ್ರೀನಿವಾಸಪುರದಿಂದ ಕೋಲಾರಕ್ಕೆ ಹೋಗಿ ಬರುವ ಬಾಡಿಗೆ ಎಷ್ಟು, ವೈಟ್‌ಫೀಲ್ಡ್‌ಗೆ ಹೋಗಿ ಬರುವ ಬಾಡಿಗೆ ಎಷ್ಟು ಅಂತ ನಿಮ್ಮೂರ ಟ್ಯಾಕ್ಸಿಯವರನ್ನೇ ಕೇಳಿ, ಆಪರೇಷನ್‌ಗೆ ಹೋಗಿ ಬರುವುದೂ ಸೇರಿ ನಾಲ್ಕರಿಂದ ಗುಣಿಸಿ. ನೀವು ಜೊತೆಗೆ ಹೋದ ದಿನದ ಸಂಬಳವನ್ನೂ ಸೇರಿಸಿ. ಮಧ್ಯರಾತ್ರಿ ಗಾಯದಲ್ಲಿ ನೀರು ಒಸರಿದರೆ, ಕಾಲು ಊದಿದರೆ, ಆಪರೇಷನ್ ಮಾಡಿದ ಡಾಕ್ಟರ್ ಒಂದು ಗಂಟೆ ದೂರದೊಳಗೆ ಇರುವುದು ದೊಡ್ಡ ಧೈರ್ಯ.

ಫಿಸಿಯೋಥೆರಪಿ ಬಗ್ಗೆ ಯಾರೂ ಮೊದಲೇ ಹೇಳಲ್ಲ. ಆಪರೇಷನ್‌ಗೆ ಅಷ್ಟೊಂದು ಖರ್ಚು ಮಾಡಿ, ಮನೆಗೆ ಬಂದ ಮೇಲೆ ನೋವು ಅಂತ ಕಾಲು ಮಡಿಸದೆ ಮಲಗಿಬಿಟ್ಟರೆ ಮಂಡಿ ಬಿಗಿದುಕೊಳ್ಳುತ್ತೆ. ಎಷ್ಟು ಸಲ ಫಿಸಿಯೋ ಪ್ಯಾಕೇಜಿನಲ್ಲಿದೆ, ಮನೆಗೆ ಬರುತ್ತಾರಾ, ಬಂದರೆ ಒಂದು ಸಲಕ್ಕೆ ಎಷ್ಟು, ನಮ್ಮ ತಾಲೂಕಿನಲ್ಲಿ ಯಾರಾದರೂ ಇದ್ದಾರಾ ಕೇಳಿ. ಕಡಿಮೆ ಅಂದರೂ ಆರು ವಾರ ಇದನ್ನು ಬಿಡುವಂತಿಲ್ಲ. ವಾಕರ್ ಬೇಕು. ಮನೆಯಲ್ಲಿ ಇಂಡಿಯನ್ ಕಕ್ಕಸು ಇದ್ದರೆ ವೆಸ್ಟರ್ನ್ ಕಮೋಡ್ ಹಾಕಿಸಬೇಕು, ಇಲ್ಲ ಕಮೋಡ್ ಚೇರ್ ತರಬೇಕು, ಆಪರೇಷನ್‌ಗೆ ಮುಂಚೆಯೇ. ಕುಕ್ಕರುಗಾಲಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕುವುದು ಬೇಡ ಅಂತ ಸಾಮಾನ್ಯವಾಗಿ ಡಾಕ್ಟರ್ ಹೇಳುತ್ತಾರೆ.

ಇಲ್ಲಿಗೆ ನಿಮ್ಮ ಮನೆಯ ಹಸುಗಳ ವಿಷಯ ಬರುತ್ತೆ. ಅಮ್ಮ ಈಗ ಹಾಲು ಕರೆಯುವುದು ಕುಕ್ಕರುಗಾಲಲ್ಲಿ ಕೂತೇ ಅಲ್ವಾ? ಆಪರೇಷನ್ ಆದ ಮೇಲೆ ಮೂರು ತಿಂಗಳಂತೂ ಕೊಟ್ಟಿಗೆ ಕಡೆ ಕಳಿಸಬೇಡಿ, ಒದ್ದೆ ನೆಲ, ಸಗಣಿ, ಹಸು ಒದ್ದರೆ ಏನು ಗತಿ. ಆಮೇಲೂ ಎತ್ತರದ ಸ್ಟೂಲ್ ಮೇಲೆ ಕೂತು ಕರೆಯಲು ಆಗುತ್ತಾ, ಹಾಲು ಕರೆಯುವ ಮಿಷಿನ್ ತಗೊಳ್ಳಬೇಕಾ, ಇಲ್ಲ ಒಂದೆರಡು ಹಸು ಮಾರಬೇಕಾ ಅಂತ ಈಗಲೇ ಅಪ್ಪನ ಜೊತೆ ಕೂತು ಮಾತಾಡಿ. ಇದು ಆಸ್ಪತ್ರೆ ಖರ್ಚಲ್ಲ ಅಂತ ಅನಿಸಬಹುದು. ಆದರೆ ಡೈರಿ ಬಟವಾಡೆ ನಿಂತು, ಆ ಕಡೆ ಆಪರೇಷನ್ ಸಾಲದ ಬಡ್ಡಿ ಕಟ್ಟುವ ಮನೆಗಳಲ್ಲಿ ಮೊದಲು ನಿಲ್ಲಿಸುವುದೇ ಫಿಸಿಯೋವನ್ನು. ಸಾಲಕ್ಕೆ ಹಸು ಮಾರೋದಾದರೆ ಗಡಿಬಿಡಿಯಲ್ಲಿ ಮಾರಬೇಡಿ, ಒಳ್ಳೆ ಬೆಲೆ ಬಂದಾಗ ಮಾರಿ.

ಯಾರು ಮಾಡುತ್ತಾರೆ ಅನ್ನುವುದು ರೇಟಿಗಿಂತ ದೊಡ್ಡ ಪ್ರಶ್ನೆ. ಮಂಡಿ ಆಪರೇಷನ್ ಹೆಚ್ಚು ಮಾಡಿ ಕೈ ಪಳಗಿದವರ ಹತ್ತಿರ ತೊಂದರೆ ಕಡಿಮೆ. ನಮ್ಮ ಜನ ಡಾಕ್ಟರನ್ನು ಪ್ರಶ್ನೆ ಕೇಳಲು ಹಿಂಜರಿಯುತ್ತಾರೆ. ‘ಸಾರ್, ತಿಂಗಳಿಗೆ ಎಷ್ಟು ಮಂಡಿ ಆಪರೇಷನ್ ನೀವೇ ಮಾಡುತ್ತೀರಿ, ಅಮ್ಮನ ಆಪರೇಷನ್ ನೀವೇ ಮಾಡುತ್ತೀರಾ, ಹಾರ್ಟಿಗೆ ಏನಾದರೂ ಆದರೆ ಐಸಿಯು ಇಲ್ಲೇ ಇದೆಯಾ, ಸೋಂಕಾದರೆ ಆ ಖರ್ಚು ಯಾರದು’ ಅಂತ ಗೌರವವಾಗಿ ಕೇಳಿದರೆ ಒಳ್ಳೆಯ ಡಾಕ್ಟರ್ ಯಾರೂ ಬೇಜಾರು ಮಾಡಿಕೊಳ್ಳಲ್ಲ. ವಾರಕ್ಕೊಮ್ಮೆ ಬೆಂಗಳೂರಿನಿಂದ ಬಂದು ಆಪರೇಷನ್ ಮಾಡಿ ಹೋಗುವ ಡಾಕ್ಟರ್ ಆದರೆ, ಮಿಕ್ಕ ಆರು ದಿನ ಅಮ್ಮನನ್ನು ನೋಡುವವರು ಯಾರು ಅಂತ ಹೆಸರು ಕೇಳಿಕೊಳ್ಳಿ. ಕೋಲಾರದ ಎಸ್ಟಿಮೇಟ್ ಒಪ್ಪಿಕೊಳ್ಳುವ ಮೊದಲು ಇದು ಬಹಳ ಮುಖ್ಯ.

ಆಪರೇಷನ್ ಬೇಕೇ ಬೇಕಾ ಅಂತ ಇನ್ನೊಬ್ಬರ ಹತ್ತಿರ, ಅಡ್ವಾನ್ಸ್ ಕೊಟ್ಟ ಆಸ್ಪತ್ರೆಗೆ ಸಂಬಂಧ ಇಲ್ಲದವರ ಹತ್ತಿರ, ಒಂದು ಸಲ ಕೇಳಿ. ಕೋಲಾರದ ಟಮಕದಲ್ಲಿರುವ ಆರ್.ಎಲ್. ಜಾಲಪ್ಪ ಆಸ್ಪತ್ರೆಯಂಥ ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ ತೋರಿಸಲು ಹೆಚ್ಚು ಖರ್ಚಾಗಲ್ಲ.  ನಿಂತುಕೊಂಡು ತೆಗೆಸಿದ ಎಕ್ಸ್‌ರೇ ತಗೊಂಡು ಹೋಗಿ, ಸವೆತ ಸರಿಯಾಗಿ ಕಾಣುವುದು ಅದರಲ್ಲೇ. ಮಂಡಿ ಬದಲಾವಣೆಗೆ ಸಾಮಾನ್ಯವಾಗಿ ಎಂಆರ್‌ಐ ಬೇಕಾಗಲ್ಲ. ಯಾರಾದರೂ ಮಾಡಿಸಿ ಅಂದರೆ ಯಾಕೆ ಅಂತ ಕೇಳಿ. ನಮ್ಮ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವ ಊರುಗಳು ಬಹಳ. ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚು ಇರುವ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಮೂಳೆ, ಕೀಲು ಬಿಗಿಯುವ ತೊಂದರೆ ಬರಬಹುದು. ಅಮ್ಮನಿಗೆ ಬೆನ್ನು, ಕತ್ತು ಕೂಡ ಬಿಗಿ ಅನಿಸುತ್ತಿದ್ದರೆ ಕುಡಿಯುವ ನೀರು ಯಾವುದು ಅಂತ ಡಾಕ್ಟರಿಗೆ ಹೇಳಿ, ಆ ನೋವು ಮಂಡಿ ಬದಲಾಯಿಸಿದರೆ ಹೋಗಲ್ಲ.

ಎರಡೂ ಮಂಡಿ ಒಟ್ಟಿಗೆ ಮಾಡಿಸಿದರೆ ದುಡ್ಡು ಉಳಿಯುತ್ತೆ, ಒಂದೇ ಅನಸ್ತೇಷಿಯಾ, ಒಂದೇ ಸಲ ಅಡ್ಮಿಷನ್, ಒಂದೇ ಸಲ ರಜೆ. ಆದರೆ ದೇಹಕ್ಕೆ ಬೀಳುವ ಪೆಟ್ಟು ಜಾಸ್ತಿ, ರಕ್ತ ಹೋಗುವುದೂ ಜಾಸ್ತಿ. ಅಮ್ಮನಿಗೆ 63, ಶುಗರ್ ಬೇರೆ ಇದೆ. ಎಕೋ ನೋಡಿ ಹಾರ್ಟ್ ಡಾಕ್ಟರ್, ಅನಸ್ತೇಷಿಯಾ ಡಾಕ್ಟರ್ ಇಬ್ಬರೂ ಸರಿ ಅಂದರೆ ಮಾತ್ರ ಯೋಚಿಸಿ. ಬಲಗಾಲು ಮಾತ್ರ ತುಂಬಾ ಹಾಳಾಗಿದೆ ಅಂತ ನೀವೇ ಬರೆದಿದ್ದೀರಿ. ನನ್ನನ್ನು ಕೇಳಿದರೆ ಮೊದಲು ಬಲಗಾಲು ಮಾಡಿಸಿ. ಅದು ಸರಿಹೋದ ಮೇಲೆ ಎಡಗಾಲಿನ ಮೇಲೆ ಬೀಳುತ್ತಿದ್ದ ಭಾರ ಕಡಿಮೆಯಾಗಿ, ಕೆಲವರಿಗೆ ಎರಡನೆಯದು ಎಷ್ಟೋ ದಿನ ಮುಂದಕ್ಕೆ ಹೋಗುತ್ತೆ.

ಹಾಗಾದರೆ ಎಲ್ಲಿ? ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಇಎಸ್‌ಐ, ಆಮೇಲೆ ಬಿಪಿಎಲ್ ಕಾರ್ಡಿನ ಮೇಲೆ ಸರ್ಕಾರಿ ಆಸ್ಪತ್ರೆ, ಅದೂ ಆಗದಿದ್ದರೆ ಯಶಸ್ವಿನಿ, ಮೂರೂ ಆಗದಿದ್ದರೆ ಕೋಲಾರದ ಆಸ್ಪತ್ರೆ. ಅದೂ ‘ಎಲ್ಲಾ ಸೇರಿ’ ಅನ್ನೋದನ್ನು ಅವರು ಬರೆದುಕೊಟ್ಟರೆ, ಡಾಕ್ಟರ್ ಬಗ್ಗೆ ಕೇಳಿದ್ದಕ್ಕೆ ಸರಿಯಾದ ಉತ್ತರ ಸಿಕ್ಕರೆ. ಅಮ್ಮನಿಗೆ ಹಾರ್ಟ್ ಅಥವಾ ಕಿಡ್ನಿ ತೊಂದರೆ ಇದೆ ಅಂತ ಪರೀಕ್ಷೆಯಲ್ಲಿ ಗೊತ್ತಾದರೆ ಮಾತ್ರ, ಎಲ್ಲಾ ವಿಭಾಗ ಒಂದೇ ಕಡೆ ಇರುವ ದೊಡ್ಡ ಆಸ್ಪತ್ರೆಗೆ ಹೆಚ್ಚು ಕೊಡುವುದರಲ್ಲಿ ಅರ್ಥ ಇದೆ.

ಬರೆದುಕೊಡಿ ಅಂತ ಕೇಳುವುದು ಜಗಳ ಅಲ್ಲ. ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆಗಳಿಗೆಂದೇ 2007ರ ಕೆಪಿಎಂಇ ಕಾಯ್ದೆ ಇದೆ, 2017ರಲ್ಲಿ ತಿದ್ದುಪಡಿ ಆಗಿದೆ. ದರಪಟ್ಟಿ ಜನರಿಗೆ ಕಾಣುವಂತೆ ಇಡಬೇಕು ಅನ್ನುವುದು ಅದರಲ್ಲೇ ಇದೆ. ದೂರು ಕೇಳಲು ಜಿಲ್ಲಾಧಿಕಾರಿ ಅಧ್ಯಕ್ಷತೆಯಲ್ಲಿ ಜಿಲ್ಲಾ ಪ್ರಾಧಿಕಾರ ಇದೆ, ಅರ್ಜಿಯನ್ನು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ಕೊಡಬಹುದು.

ಕೊನೆಗೆ ಆ 5 ಸಾವಿರ. ಅದು ಹೋಗುತ್ತೆ ಅಂತ ಹೆದರಿ ಅಲ್ಲಿಗೇ ಆಪರೇಷನ್‌ಗೆ ಹೋಗಬೇಡಿ. ರಸೀದಿ ಇದೆಯಾ ನೋಡಿ, ಅದರ ಹಿಂದೆ ಮುಂದೆ ‘ವಾಪಸ್ ಇಲ್ಲ’ ಅಂತ ಏನಾದರೂ ಅಚ್ಚಾಗಿದೆಯಾ ನೋಡಿ. ಇದ್ದರೂ ಕೇಳಬಹುದು, ನೀವು ಅಲ್ಲಿ ಯಾವ ಚಿಕಿತ್ಸೆಯನ್ನೂ ಪಡೆದಿಲ್ಲ. ಬೇರೆ ಕಡೆ ಚಿಕಿತ್ಸೆ ಮಾಡಿಸುತ್ತಿದ್ದೇವೆ, ಅಡ್ವಾನ್ಸ್ ವಾಪಸ್ ಕೊಡಿ ಅಂತ ಒಂದು ಪತ್ರ ಬರೆದು, ರಸೀದಿ ಜೆರಾಕ್ಸ್ ಇಟ್ಟು, ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಶಿಬಿರದ ದಿನ ಬಂದಿದ್ದವರ ಫೋನಿಗೆ ಕರೆ ಮಾಡಿ ಕಾಲ ಕಳೆಯಬೇಡಿ, ಆಸ್ಪತ್ರೆಯ ಆಡಳಿತಾಧಿಕಾರಿ ಹೆಸರಿಗೇ ಬರೆಯಿರಿ. ಉತ್ತರ ಬರದಿದ್ದರೆ 1915ಕ್ಕೆ ಗ್ರಾಹಕ ಸಹಾಯವಾಣಿಗೆ ಹೇಳಿ, ಅದೂ ಆಗದಿದ್ದರೆ ಕೋಲಾರದ ಜಿಲ್ಲಾ ಗ್ರಾಹಕರ ಆಯೋಗ. 5 ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕ ಇಲ್ಲ.